ಹುಂಡುಕೋಳಿ ಎಂದರು ಅಪ್ಪ

ಅಪ್ಪ ರೈಲ್ವೆಯಿಂದ ನಿವೃತ್ತರಾದ ವರ್ಷ ನಾವು ಕ್ವಾರ್ಟರ್ಸ್ ಬಿಟ್ಟು ಚೆನ್ನೈ ಅಂಚಿನ ಪೋರೂರಿಗೆ ಬಂದೆವು. ತೊಂಬತ್ತರ ದಶಕದ ಕೊನೆ ಅದು. ಅಮ್ಮ ಹೋಗಿ ಎರಡು ವರ್ಷವಾಗಿತ್ತು, ಮನೆಯಲ್ಲಿ ನಾವಿಬ್ಬರೇ. ನಾನು ಎಗ್ಮೋರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹೋಗಿ ಬರಲು ಬಸ್ಸಿನಲ್ಲೇ ಮೂರು ಗಂಟೆ ಕಳೆಯುತ್ತಿತ್ತು. ಅಷ್ಟು ದೂರ ಯಾಕೆ ಮನೆ ಮಾಡಿದಿರಿ ಎಂದು ಆಫೀಸಿನಲ್ಲಿ ಕೇಳಿದರೆ ನನ್ನ ಬಳಿ ಇದ್ದದ್ದು ಒಂದೇ ಉತ್ತರ: ಅಪ್ಪನಿಗೆ ಕೆರೆ ಹಿಡಿಸಿತು.

ಮನೆ ನೋಡಲು ಬಂದ ದಿನ ಅವರು ಕೋಣೆಗಳನ್ನು ನೋಡಲೇ ಇಲ್ಲ. ಬೀದಿಯ ಕೊನೆಗೆ ಹೋಗಿ, ಕೆರೆಯ ಏರಿ ಹತ್ತಿ, ಅರ್ಧ ಗಂಟೆ ನಿಂತು ವಾಪಸು ಬಂದು, "ಇಲ್ಲೇ ಇರೋಣ ಕಣೆ" ಅಂದರು. ತಮಿಳಿನಲ್ಲಿ ಕೆರೆಗೇ ಏರಿ ಅನ್ನುತ್ತಾರೆ. "ನಾವು ನಮ್ಮ ಏರಿ ಮೇಲೆ ನಿಂತ್ಕೊಂಡು ಅವರ ಏರಿ ನೋಡ್ತೀವಿ" ಎಂದು ಅಪ್ಪ ಹೊಸಬರಿಗೆಲ್ಲ ಹೇಳಿ ತಾವೇ ನಗುತ್ತಿದ್ದರು.

ಅವರು ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಸಿಗ್ನಲ್ ಸಿಗದೆ ಗಾಡಿ ಎಲ್ಲೆಲ್ಲೋ ಹೊಲದ ನಡುವೆ, ಹಳ್ಳದ ಪಕ್ಕ, ಗಂಟೆಗಟ್ಟಲೆ ನಿಲ್ಲುತ್ತಿತ್ತು. ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತಿದ್ದಾಗ ಕೇಳಿಸುತ್ತಿದ್ದದ್ದು ಹಕ್ಕಿಗಳು ಮಾತ್ರ. ಕೂಗು ಕೇಳಿದರೆ ಸಾಕು, ತಲೆ ಎತ್ತದೆಯೇ ಹಕ್ಕಿಯ ಹೆಸರು ಹೇಳುತ್ತಿದ್ದರು. ಅರಸೀಕೆರೆಯ ಕಡೆ ಅವರ ಅಜ್ಜಿ ಹೇಳಿಕೊಟ್ಟ ಹೆಸರುಗಳು. ತಮಿಳು ಶಾಲೆಯಲ್ಲಿ ಓದಿದ ನಾನು ಅಪ್ಪನ ಕನ್ನಡಕ್ಕೆ ಎಷ್ಟೋ ಸಲ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದೆ. ಆದರೆ ಹಕ್ಕಿಗಳ ಹೆಸರು ಮಾತ್ರ ನನಗೆ ಬೇರೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಐದೂವರೆಗೇ ಹೊರಡುತ್ತಿದ್ದೆವು. ಏಳರವರೆಗೆ ನೀರಿನ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಆಮೇಲೆ ಚೆನ್ನೈನ ಬಿಸಿಲು. ಏರಿಯ ಕೆಳಗೆ ಬೇವಿನ ಹೂ ಉದುರಿ ನೆಲ ಬೆಳ್ಳಗಾಗಿರುತ್ತಿತ್ತು. ಹೆಜ್ಜಾರ್ಲೆಗಳು ಸಾಲಾಗಿ ಬಂದು ಇಳಿದರೆ ನೀರಿಗೆ ಯಾರೋ ಒದ್ದ ಹಾಗೆ ಸದ್ದು. ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿಗಳು ಒಂದು ಕಾಲಿನಲ್ಲಿ ದಂಟು ಹಿಡಿದು ಸಿಗಿದು ತಿನ್ನುತ್ತಿದ್ದವು. ಗುಳುಮುಳುಕ ಮುಳುಗಿದರೆ ಎಲ್ಲಿ ಏಳುತ್ತದೆ ಎಂದು ನಾವಿಬ್ಬರೂ ಬೆರಳು ತೋರಿಸಿ ಪಂದ್ಯ ಕಟ್ಟುತ್ತಿದ್ದೆವು, ಯಾವಾಗಲೂ ಅಪ್ಪನೇ ಗೆಲ್ಲುತ್ತಿದ್ದರು. ಅಮ್ಮ ಹೋದ ಮೇಲೆ ಅವರು ಬಾಯಿ ತುಂಬ ಮಾತಾಡುತ್ತಿದ್ದದ್ದು ಆ ಒಂದೂವರೆ ಗಂಟೆ ಮಾತ್ರ.

ಅಲ್ಲಿ ದಿನಾ ಕಾಣುತ್ತಿದ್ದ ಇನ್ನೊಬ್ಬರೆಂದರೆ ಹುಲ್ಲು ಕೊಯ್ಯುವ ಅಜ್ಜಿ. ಹಸು ಕಟ್ಟಿಕೊಂಡು ಪಕ್ಕದ ಬೀದಿಗಳಿಗೆ ಹಾಲು ಕೊಡುತ್ತಿದ್ದಳಂತೆ, ನಮ್ಮ ಬೀದಿಗಲ್ಲ. ಕುಡುಗೋಲು ಹಿಡಿದು ಜೊಂಡಿನೊಳಗೆ ಹೋಗಿ, ತನಗಿಂತ ದೊಡ್ಡ ಹೊರೆ ಹೊತ್ತು ಬರುತ್ತಿದ್ದಳು. ನಮ್ಮನ್ನು ಕಂಡರೆ ದೂರದಿಂದಲೇ ಕೈ ಎತ್ತಿ ನಗುವಳು, ಅಷ್ಟೇ. ಒಂದು ಬೇಸಿಗೆ, ಒಣಗಿದ ಕೆರೆಯಂಗಳದಲ್ಲಿ ನಾವು ನಡೆಯುತ್ತಿದ್ದಾಗ ಕುಡುಗೋಲನ್ನು ಅಡ್ಡ ಹಿಡಿದು ನಿಲ್ಲಿಸಿದಳು. ನನ್ನ ಪಾದದ ಮುಂದೆ ಎರಡು ಗೇಣು ದೂರದಲ್ಲಿ, ಬರೀ ಮಣ್ಣಿನ ಮೇಲೆ, ಟಿಟ್ಟಿಭದ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣವೇ. ಆಕೆ ತುಟಿಗೆ ಬೆರಳಿಟ್ಟು, ಸುತ್ತು ಹಾಕಿಕೊಂಡು ಹೋಗಿ ಎಂದು ಸನ್ನೆ ಮಾಡಿದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ನಾವು ಆಕೆಯ ದನಿ ಕೇಳಿರಲಿಲ್ಲ.

ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು. ಹಿಂಗಾರು ಕೈಕೊಟ್ಟು ಕೆರೆ ಮಾರ್ಚ್ ತಿಂಗಳಿಗೇ ಒಳಕ್ಕೆ ಸರಿಯಿತು. ಬೀದಿಗೆ ನೀರಿನ ಲಾರಿ ಬರತೊಡಗಿತು. ಆದರೆ ಹಕ್ಕಿಗಳಿಗೆ ಹಬ್ಬ. ಇದ್ದ ಅಷ್ಟು ನೀರಿನಲ್ಲಿ ಮೀನೆಲ್ಲ ಒಟ್ಟಾಗಿ, ಬಣ್ಣದ ಕೊಕ್ಕರೆಗಳು, ನೀರುಕಾಗೆಗಳು, ಬೆಳ್ಳಕ್ಕಿಗಳು ಎಲ್ಲಿಂದಲೋ ಬಂದು ನೆರೆದವು. ಅಂಥ ನೋಟ ನಾನು ಮತ್ತೆ ಕಂಡಿಲ್ಲ. ಅಪ್ಪ ಮಗುವಿನ ಹಾಗೆ ಸಂತೋಷಪಡುತ್ತಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ಏರಿಯ ಕಲ್ಲಿನ ಮೇಲೆ ಕೂತಿದ್ದೆವು. ಬಲಗಡೆ ದೂರದ ಜೊಂಡಿನಿಂದ ಒಂದು ಕೂಗು ಬಂತು. ಉದ್ದನೆಯ ಒಂದು ದನಿ, ಸ್ವಲ್ಪ ಬಿಟ್ಟು ಚಿಕ್ಕ ಎರಡು.

"ಅದೇನಪ್ಪಾ?" ಅಂದೆ.

ಅಪ್ಪ ಅಭ್ಯಾಸದಂತೆ ಕಿವಿ ಆ ಕಡೆ ತಿರುಗಿಸಿದರು. ಎಂದಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಮತ್ತೊಮ್ಮೆ ಕೂಗು ಬಂತು.

"ಹುಂಡುಕೋಳಿ ಕಣೆ. ಮರಿ ಕರೀತಿದೆ."

ನನಗೆ ಅದು ಯಾರೋ "ಅಮ್ಮಾ" ಅಂದ ಹಾಗೆ ಕೇಳಿಸಿತ್ತು. ಬಾಯಿ ಬಿಡಲಿಲ್ಲ. ಅಪ್ಪ ಹೇಳಿದ ಮೇಲೆ ಮುಗಿಯಿತು. ಹಕ್ಕಿಯ ವಿಷಯದಲ್ಲಿ ಅವರು ತಪ್ಪಿದ್ದು ನಾನು ಕಂಡಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು ಕೂಡ. ಅಷ್ಟರಲ್ಲಿ ಹೆಜ್ಜಾರ್ಲೆಗಳ ಇಡೀ ಹಿಂಡು ಒಟ್ಟಿಗೆ ಎದ್ದು ನಮ್ಮ ತಲೆಯ ಮೇಲೆ ಸುತ್ತಿತು. ಇಬ್ಬರೂ ಕತ್ತೆತ್ತಿ ನೋಡಿದೆವು. ಎಷ್ಟು ಚೆನ್ನಾಗಿತ್ತು ಅಂದರೆ, ಆಮೇಲೆ ಮತ್ತೆ ಕೂಗು ಬಂತೋ ಇಲ್ಲವೋ ನನಗೆ ತಿಳಿಯದು.

ಸಂಜೆ ಬಸ್ಸಿಳಿದು ಬರುವಾಗ ಏರಿಯ ಮೇಲೆ ಜನ. ಹುಲ್ಲಿಗೆ ಹೋದ ಅಜ್ಜಿ ಮಧ್ಯಾಹ್ನವಾದರೂ ಬಾರದಿದ್ದಾಗ ಹುಡುಕಿದರಂತೆ. ಯಾವಾಗಲೋ ಯಾರೋ ಮಣ್ಣು ತೆಗೆದು ಬಿಟ್ಟಿದ್ದ ಗುಂಡಿ, ಅದರ ತುಂಬ ಹೂಳು, ಮೇಲೆ ಹಸಿರು ಪಾಚಿ. ನೆಲವೆಂದು ಕಾಲಿಟ್ಟಿದ್ದಾಳೆ. ಅದು ಬಲಗಡೆಯ ಜೊಂಡಿನಲ್ಲೇ. ಪೊಲೀಸರು ಬಂದು ಹೋಗಿದ್ದರು, ದೇಹವನ್ನೂ ಒಯ್ದಿದ್ದರು. ದಡದಲ್ಲಿ ಹುಲ್ಲಿನ ಅರ್ಧ ಹೊರೆ ಮಾತ್ರ ಉಳಿದಿತ್ತು.

ಮನೆಗೆ ಬಂದರೆ ಅಪ್ಪ ವರಾಂಡದಲ್ಲಿ ಕೂತಿದ್ದರು. "ಗೊತ್ತಾಯ್ತಾ?" ಅಂದೆ. "ಹೂಂ" ಅಂದರು. ಎದ್ದು ಹೋಗಿ ಕೆರೆಯ ಕಡೆಯ ಕಿಟಕಿ ಮುಚ್ಚಿದರು.

ಮಾರನೆಯ ಬೆಳಿಗ್ಗೆ ಅವರು ಕೆರೆಗೆ ಹೊರಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕೆರೆಯ ಕಡೆಯ ಕಿಟಕಿ ಮುಚ್ಚಿದ್ದು ಹಾಗೇ ಇತ್ತು. ಕಾಂಪೌಂಡಿನಲ್ಲಿ ಕಾಗೆ ಕೂಗಿದರೂ ಅವರ ಮುಖ ಬಿಗಿಯುತ್ತಿತ್ತು. ನನ್ನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಆಫೀಸಿನಲ್ಲಿ ಯಾರದೋ ಕುರ್ಚಿ ಕಿರುಗುಟ್ಟಿದರೆ ತಿರುಗಿ ನೋಡುತ್ತಿದ್ದೆ. ಟಿ. ನಗರದ ಜನಜಂಗುಳಿಯಲ್ಲಿ ಒಂದು ಮಗು ತಾಯಿಯನ್ನು ಕರೆದದ್ದಕ್ಕೆ ಕೈಯಲ್ಲಿದ್ದ ಚೀಲ ಬಿಟ್ಟುಬಿಟ್ಟೆ. ಉದ್ದನೆಯದು ಒಂದು, ಚಿಕ್ಕದು ಎರಡು. ಯಾವ ಸದ್ದನ್ನು ಕೇಳಿದರೂ ನಾನು ಎಣಿಸುತ್ತಿದ್ದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಭಾನುವಾರ ಊಟವಾಗಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಅಪ್ಪ ಹೇಳಿದರು, "ಅದು ಹುಂಡುಕೋಳಿ ಅಲ್ಲ."

ನಾನು ತಟ್ಟೆ ಎತ್ತುತ್ತಿದ್ದವಳು ನಿಂತೆ. "ಮತ್ತೇನು?"

"ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ಅಂಥ ಕೂಗು ನಾನು ಕೇಳೇ ಇರಲಿಲ್ಲ. ನೀನು ಕೇಳಿದೆ, ಏನೋ ಒಂದು ಹೇಳ್ಬೇಕಿತ್ತು, ಹೇಳಿದೆ." ನಿಂತ ಫ್ಯಾನನ್ನು ನೋಡುತ್ತ ಅಂದರು, "ಗೊತ್ತಿಲ್ಲ ಅಂದಿದ್ರೆ, ನೋಡೋಣ ಬಾ ಅಂತ ಎದ್ದು ಹೋಗ್ತಿದ್ವಿ. ಅಲ್ವಾ?"

ನನಗೆ ಅದು ಮನುಷ್ಯರ ದನಿಯಂತೆ ಕೇಳಿಸಿತ್ತು ಅಪ್ಪಾ, ಎಂದು ಹೇಳಬೇಕಾದ ಹೊತ್ತು ಅದು. ಹೇಳಿದ್ದರೆ ಆ ಭಾರದಲ್ಲಿ ಅರ್ಧ ನನ್ನ ಹೆಗಲಿಗೆ ಬರುತ್ತಿತ್ತೋ, ಇಲ್ಲ ಅವರ ಪಾಲೇ ಹೆಚ್ಚುತ್ತಿತ್ತೋ ತಿಳಿಯಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಸಂಜೆ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತರು. "ಆಕೆ ಮನೆಗೆ ಹೋಗಿ ಬರೋಣ. ಹೇಳ್ಬೇಕು."

"ಹೇಳಿ ಏನಪ್ಪಾ ಆಗುತ್ತೆ? ಅವರ ದುಃಖ ಹೆಚ್ಚುತ್ತೆ, ಅಷ್ಟೇ."

"ಬೈಯ್ಯಲಿ. ಬೈಯ್ಯೋಕಾದ್ರೂ ಒಬ್ಬರು ಸಿಗ್ಲಿ ಅವರಿಗೆ."

ಕೆರೆಯ ಆಚೆ ಬದಿಯಲ್ಲಿ ಶೀಟಿನ ಮನೆ. ಮುಂದೆ ಹಸು ಕಟ್ಟಿತ್ತು. ಅಜ್ಜಿಯ ಮಗಳು ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ನಾವು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದಳು. "ಹಕ್ಕಿ ನೋಡೋ ಅಪ್ಪ ಮಗಳು ಅಂತ ಅಮ್ಮ ಹೇಳ್ತಿದ್ರು" ಎಂದು ತಮಿಳಿನಲ್ಲಿ ಹೇಳಿ ಚಾಪೆ ಹಾಸಿದಳು.

ಅಪ್ಪ ಕೂರಲಿಲ್ಲ. ತಮ್ಮ ರೈಲ್ವೆ ತಮಿಳಿನಲ್ಲಿ, ನಿಂತುಕೊಂಡೇ, ಎಲ್ಲವನ್ನೂ ಹೇಳಿದರು. ಎಲ್ಲಿ ಕೂತಿದ್ದೆವು, ಯಾವ ಕಡೆಯಿಂದ ಬಂತು, ಎಷ್ಟು ಸಲ ಬಂತು, ತಾವು ಏನು ಹೇಳಿದರು. ಕೊನೆಗೆ, "ಎದ್ದು ನೋಡಿದ್ರೆ ಸಾಕಾಗಿತ್ತಮ್ಮ. ನಾನು ಏಳಲಿಲ್ಲ" ಅಂದರು. ನಾನು ಚಾಪೆಯ ಅಂಚು ನೋಡುತ್ತ ನಿಂತಿದ್ದೆ.

ಅವಳು ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೇಳಿದಳು. "ಎಷ್ಟು ಗಂಟೆ ಇರಬಹುದು?"

"ಆರೂವರೆ. ಹೆಚ್ಚು ಅಂದ್ರೆ ಆರೂ ಮುಕ್ಕಾಲು."

ಅವಳು ಅಪ್ಪನ ಮುಖವನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಹೇಳಿದಳು, "ಅಮ್ಮನಿಗೆ ಕೂಗೋಕೆ ಆಗ್ತಿರಲಿಲ್ಲ ಸಾರ್. ಗಂಟಲಲ್ಲಿ ಗಡ್ಡೆ ಆಗಿ ಆಪರೇಷನ್ ಆಗಿತ್ತು. ಪಿಸುಮಾತು ಬಿಟ್ರೆ ದನಿಯೇ ಇರಲಿಲ್ಲ. ನೀವು ಕೇಳಿದ್ದು ಹಕ್ಕೀನೇ."

ಅಪ್ಪ ಒಮ್ಮೆಲೇ ಚಾಪೆಯ ಮೇಲೆ ಕೂತುಬಿಟ್ಟರು. ಅವಳು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು. ಅಪ್ಪ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತ ಗಟಗಟ ಕುಡಿದರು. ವಾಪಸು ಬರುವಾಗ ಏರಿಯ ಮೇಲೆ ಅವರು ನನಗಿಂತ ಮುಂದೆ ನಡೆಯುತ್ತಿದ್ದರು. "ಅದಕ್ಕೇ ಯಾವತ್ತೂ ಮಾತಾಡ್ತಿರಲಿಲ್ಲ ನೋಡು ಪಾಪ, ಬರೀ ಕೈ ಎತ್ತೋಳು" ಅಂದರು. ಅಂದು ಅವರು ಬೇಗ ಮಲಗಿ ಬಿಸಿಲೇರುವ ತನಕ ಎಚ್ಚರವಿಲ್ಲದೆ ನಿದ್ದೆ ಮಾಡಿದರು. ವಾರ ಕಳೆಯುವುದರೊಳಗೆ ಕೆರೆಗೆ ಹೋಗತೊಡಗಿದರು.

ನಮ್ಮ ಬಸ್ ನಿಲ್ದಾಣದ ಪಕ್ಕದಲ್ಲಿ ಹೂ ಮಾರುವ ಒಬ್ಬಾಕೆ ಕೂರುತ್ತಿದ್ದಳು. ಮಳೆ ಶುರುವಾದ ಮೇಲೆ ಒಂದು ದಿನ ಬಸ್ಸು ತಡವಾಗಿ ಅವಳ ಜೊತೆ ಮಾತಿಗೆ ನಿಂತೆ. ಕೆರೆ ತುಂಬುತ್ತಿರುವ ಮಾತು ಬಂದು, ಮಾತು ಅಜ್ಜಿಯ ಕಡೆ ತಿರುಗಿತು.

"ಆ ಗಂಟಲು ಯಾರಿಗಿದೆಯಮ್ಮ ಈಗ!" ಅಂದಳು ಹೂವಿನವಳು. "ಸಂಜೆ ಏರಿ ಮೇಲೆ ನಿಂತು ಹಸು ಕರೆದ್ರೆ ಇಲ್ಲಿ ಕೂತ ನನಗೆ ಕೇಳಿಸ್ತಿತ್ತು."

"ಗಂಟಲು ಆಪರೇಷನ್ ಆಗಿತ್ತಂತಲ್ಲ?"

"ಆಪರೇಷನ್ನಾ? ಯಾರಿಗೆ?" ಅವಳು ದಾರ ಹಲ್ಲಿನಿಂದ ಕಡಿದು ನನ್ನನ್ನು ನೋಡಿದಳು. "ಅವರು ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ."

ಬಸ್ಸು ಬಂತು. ನಾನು ಹತ್ತಲಿಲ್ಲ. ಅದರ ಮುಂದಿನದನ್ನೂ ಬಿಟ್ಟೆ.

ಅಪ್ಪನಿಗೆ ನಾನು ಹೇಳಲೇ ಇಲ್ಲ. ಮುಂದಿನ ಬೇಸಿಗೆಗಳಲ್ಲೂ ಅವರ ಪಕ್ಕದಲ್ಲಿ ಅದೇ ಕಲ್ಲಿನ ಮೇಲೆ ಕೂತೆ. ಕೆರೆ ತುಂಬಿತ್ತು, ದೇವನಕ್ಕಿಗಳು ಮರಿ ಮಾಡಿದ್ದವು, ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಕಿಕ್ಕಿರಿದಿದ್ದವು. ಅಪ್ಪ ಮೊದಲಿನಂತೆ ಹೆಸರು ಹೇಳುತ್ತಿದ್ದರು. ಒಂದು ವ್ಯತ್ಯಾಸ: ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನುತ್ತಿದ್ದರು, ಕೂಡಲೇ ಎದ್ದು ನೋಡಲು ಹೊರಡುತ್ತಿದ್ದರು, ಮುಳ್ಳು ಜಾಲಿಯಿರಲಿ ಕೆಸರಿರಲಿ. ಅವರ ಹಿಂದೆ ಹೋಗುವಾಗ ಪ್ರತಿ ಸಲವೂ ಜೊಂಡಿನ ನಡುವೆ ಒಂದು ಕೈ ಮೇಲೆದ್ದು ನಮ್ಮನ್ನು ಕರೆಯುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಇರುತ್ತಿದ್ದದ್ದು ಹಕ್ಕಿಯೇ. ಅಪ್ಪ ತಿರುಗಿ ನೋಡಿ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಾಲ್ಕು ವರ್ಷ ಹಾಗೆ ಕಳೆದು, ಒಂದು ಚಳಿಗಾಲ ಎರಡು ವಾರ ಜ್ವರವಿದ್ದು ಅಪ್ಪ ಹೋದರು.

ಮರುವರ್ಷ ಟಿ. ನಗರಕ್ಕೆ ಹೋಗುವ ಬಸ್ಸಿನಲ್ಲಿ ಅಜ್ಜಿಯ ಮಗಳು ನನ್ನ ಪಕ್ಕದಲ್ಲಿ ಬಂದು ಕೂತಳು. ತೊಡೆಯ ಮೇಲೆ ಹೊಲಿದ ರವಿಕೆಗಳ ಗಂಟು. ಕೂದಲು ನೆರೆತಿತ್ತು.

"ಅಪ್ಪ ಚೆನ್ನಾಗಿದಾರಾ?"

"ಹೋಗಿಬಿಟ್ರು. ಹೋದ ವರ್ಷ."

ಅವಳು ಗಂಟಿನ ಮೇಲೆ ಕೈ ಸವರಿದಳು. "ನಿದ್ದೆ ಬರ್ತಿತ್ತಾ ಅವರಿಗೆ?"

"ಬರ್ತಿತ್ತು. ನಿಮ್ಮ ಮನೆಗೆ ಬಂದು ಹೋದ ದಿನದಿಂದ."

"ಸರಿ" ಅಂದಳು. ಕಿಟಕಿಯಾಚೆ ನೋಡಿದಳು. ಆಮೇಲೆ, ಮುಖ ತಿರುಗಿಸದೆ, "ನಿಮಗೆ?" ಅಂದಳು.

ಅಪ್ಪನಿಗೆ ಹೇಳದ್ದನ್ನು ಅವಳಿಗೆ ಹೇಳಿದೆ. "ನನಗೆ ಅದು ಹಕ್ಕಿ ಅನ್ನಿಸಿರಲಿಲ್ಲ. ಅವತ್ತೇ ಅನ್ನಿಸಿರಲಿಲ್ಲ."

"ಗೊತ್ತು. ನಮ್ಮ ಮನೆಗೆ ಬಂದಾಗ ನೀವು ತಲೆ ಎತ್ತಲೇ ಇಲ್ಲ."

ಬೈಯ್ಯಬಹುದು ಎಂದು ಕಾದೆ. ಮತ್ತೊಂದು ಸುಳ್ಳನ್ನು ನನಗಾಗಿಯೂ ಹೇಳಬಹುದು ಎಂದೂ ಕಾದೆ. ಎರಡೂ ಆಗಲಿಲ್ಲ. ಅವಳ ನಿಲ್ದಾಣ ಬಂತು. ಏಳುವಾಗ ಒಂದು ಕ್ಷಣ ನನ್ನ ಭುಜದ ಮೇಲೆ ಕೈ ಊರಿದಳು, ಬಸ್ಸು ಓಲಾಡುತ್ತಿತ್ತು. ಗಂಟನ್ನು ಎದೆಗೆ ಅವಚಿಕೊಂಡು, ಜನರ ನಡುವೆ ದಾರಿ ಬಿಡಿಸಿಕೊಂಡು ಇಳಿದು ಹೋದಳು.