ಒಳಗೇ ಉಳಿದ ಕೈಮ ಉಂಡೆ

ಪುಟ್ಟೇನಹಳ್ಳಿಯ ಮುನಿಲಕ್ಷ್ಮಮ್ಮನದು ಒಂದು ಕಾಲಕ್ಕೆ ಹೊಲ ಉಳುತ್ತಿದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಗಂಡ ತೀರಿಕೊಂಡ ಮೇಲೆ ಆಕೆ ಕೆರೆ ಸುತ್ತ ವಾಕಿಂಗ್ ಶುರು ಮಾಡಿದರು. ಅಲ್ಲಿ ಇಬ್ಬರು ಗೆಳತಿಯರು ಸಿಕ್ಕರು. ಒಬ್ಬರು ಬಟ್ಟೆ ಹೊಲಿಯುವ ಫರ್ಜಾನಾ, ಇನ್ನೊಬ್ಬರು ದಲಿತ ಕೇರಿಯವರು, ಅಂಗನವಾಡಿ ಟೀಚರಾಗಿದ್ದು ನಿವೃತ್ತರಾದ ಅಂಕಮ್ಮ. ಮಂಡಿ ಆಪರೇಷನ್ ಆದಾಗ ಎರಡು ತಿಂಗಳು ದಿನಾ ಬಂದು ಮುನಿಲಕ್ಷ್ಮಮ್ಮನ ಕೈ ಹಿಡಿದು ನಡೆಸಿದವರು ಈ ಅಂಕಮ್ಮನೇ.

ಆ ವರ್ಷ ಯುಗಾದಿಯ ಮಾರನೇ ದಿನ, ಮಾಂಸದೂಟದ ಹೊಸತೊಡಕಿಗೇ ರಂಜಾನ್ ಹಬ್ಬ ಬಂತು. ಮೂವರೂ ಒಟ್ಟಿಗೆ ಉಣ್ಣೋಣ ಎಂದು ಕರೆದದ್ದು ಮುನಿಲಕ್ಷ್ಮಮ್ಮ. ತಾವು ಮುದ್ದೆ, ಮಟನ್ ಸಾರು ಮಾಡಿದರು. ಫರ್ಜಾನಾ ಬಿರಿಯಾನಿ ತಂದರು. ಅಂಕಮ್ಮ ಬೆಳಿಗ್ಗೆ ಬೇಗನೆದ್ದು ಕೊಚ್ಚಿದ ಮಾಂಸದಲ್ಲಿ ಮಾಡಿದ ಕೈಮ ಉಂಡೆ ಸಾರನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು.

ಎಲೆ ಹಾಕುವ ಹೊತ್ತಿಗೆ ಗಂಡನ ಅಣ್ಣ, ಭಾವ ರಾಮಯ್ಯ ಹೇಳದೆ ಕೇಳದೆ ಬಂದರು. ಬಿರಿಯಾನಿಯ ಘಮಕ್ಕೆ ಖುಷಿಯಾಗಿ ಅಡುಗೆಮನೆಗೆ ಇಣುಕಿದವರು, ಆ ಡಬ್ಬಿ ಯಾರದೆಂದು ಕೇಳಿದರು. ಅಂಕಮ್ಮನದೆಂದು ತಿಳಿದಾಗ ದನಿ ತಗ್ಗಿಸಿದರು.

“ಅವರ ಮನೇದಾ? ಅದು ಒಳಗೇ ಇರ್ಲಿ ಬಿಡಮ್ಮ.”

ಮುನಿಲಕ್ಷ್ಮಮ್ಮ ಎದುರಾಡಲಿಲ್ಲ. ಬಿರಿಯಾನಿ ಎರಡು ಸಲ ಬಡಿಸಿದ್ದಾಯಿತು, ಡಬ್ಬಿಯ ಮುಚ್ಚಳ ಮಾತ್ರ ತೆರೆಯಲಿಲ್ಲ. ಅಂಕಮ್ಮ ಒಂದು ಸಲ ಅಡುಗೆಮನೆ ಕಡೆ ನೋಡಿ, ತಲೆ ತಗ್ಗಿಸಿ ಮುದ್ದೆ ಮುರಿದರು. ಅದನ್ನು ಕಂಡೂ ಮುನಿಲಕ್ಷ್ಮಮ್ಮ ಅವರ ಎಲೆಗೆ ತಮ್ಮ ಮಟನ್ ಸಾರನ್ನೇ ಬಡಿಸಿದರು.

ಹೊರಡುವಾಗ ಅಂಕಮ್ಮ ತಾವೇ ಒಳಗೆ ಹೋಗಿ ತುಂಬಿದ ಡಬ್ಬಿಯನ್ನು ಎತ್ತಿಕೊಂಡರು. ಬಡಿಸುವುದು ಮರೆತೇಹೋಯಿತೆಂದು ಮುನಿಲಕ್ಷ್ಮಮ್ಮ ಸುಳ್ಳು ಹೇಳಿದರು. ಪರವಾಗಿಲ್ಲ, ಮನೆಯಲ್ಲಿ ತಿನ್ನುವವರಿದ್ದಾರೆ ಎಂದರು ಅಂಕಮ್ಮ.

ನಾಲ್ಕು ದಿನ ಅಂಕಮ್ಮ ಕೆರೆ ಕಡೆ ಬರಲಿಲ್ಲ. ಆ ನಾಲ್ಕು ದಿನವೂ ಮುನಿಲಕ್ಷ್ಮಮ್ಮ ಅಡುಗೆಮನೆಗೆ ಹೋದಾಗಲೆಲ್ಲ ಆ ಕಟ್ಟೆಯನ್ನು ನೋಡಲಾರದೆ ಒದ್ದಾಡಿದರು. ಐದನೇ ದಿನ ಅಂಕಮ್ಮನ ಮನೆಗೇ ಹೋದರು.

“ಮರೆತಿರ್ಲಿಲ್ಲ ಅಂಕಮ್ಮ. ಭಾವ ಬೇಡ ಅಂದ್ರು, ನಾನು ಬಡಿಸ್ಲಿಲ್ಲ. ತಪ್ಪು ನಂದೇ.”

“ಗೊತ್ತಕ್ಕ, ಅವರು ಅಂದಿದ್ದು ಕೇಳಿಸ್ತು,” ಎಂದರು ಅಂಕಮ್ಮ. “ಅವರಿಗೆ ನೀವೇನಂತೀರಾ ಅಂತ ಕಾಯ್ತಿದ್ದೆ.”

ಮುನಿಲಕ್ಷ್ಮಮ್ಮ ಅಲ್ಲೇ ನೆಲದ ಮೇಲೆ ಕುಳಿತರು. ಊಟ ಹಾಕು ಎಂದು ಕೇಳಿದರು. ಅಂಕಮ್ಮ ತಟ್ಟೆಯಿಟ್ಟು ಅನ್ನ, ಬಸ್ಸಾರು ಬಡಿಸಿದರು. ಮುನಿಲಕ್ಷ್ಮಮ್ಮ ಕಣ್ಣೊರೆಸಿಕೊಳ್ಳುತ್ತಲೇ ಉಂಡರು.

ವಾಕಿಂಗ್ ಮತ್ತೆ ಶುರುವಾಯಿತು, ಮಾತು ನಗುವೂ ಮರಳಿದವು. ಮರುವರ್ಷದ ಹೊಸತೊಡಕಿಗೆ ಭಾವನಿಗೆ ಗೊತ್ತಾಗದಂತೆ ಗೆಳತಿಯರನ್ನಷ್ಟೇ ಕರೆದರು. ಅಂಕಮ್ಮ ನಗುತ್ತಲೇ ಬಂದರು. ಅಂಗಡಿಯಲ್ಲಿ ಕೊಂಡ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ಮನೆಯಿಂದ ಏನೂ ಮಾಡಿ ತರಲಿಲ್ಲವಾ ಎಂದು ಕೇಳುವ ಬಾಯಿ ಮುನಿಲಕ್ಷ್ಮಮ್ಮನಿಗಿರಲಿಲ್ಲ.