ಸಾವಿನ ಮನೆಗೆ ಹೊರಟ ಅನ್ನ

ನಮ್ಮತ್ತೆ ರಾಮಕ್ಕನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಈಗ ಬೆಂಗಳೂರಿನೊಳಗೆ ಸೇರಿಹೋದ ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲೇ ಹುಟ್ಟಿ, ಇಲ್ಲೇ ಸೋದರಮಾವನನ್ನು ಕಟ್ಟಿಕೊಂಡ ಹೆಂಗಸು. ಆಗ ಊರಿಗೆಲ್ಲ ಇದ್ದಷ್ಟು ಒಲೆಗಳು ಈಗ ನಮ್ಮ ಬೀದಿಯೊಂದರಲ್ಲೇ ಉರಿಯುತ್ತವೆ. ರಾಗಿ ಹೊಲ ಸೈಟಾಯಿತು. ಸೈಟು ಮಾರಿದವರು ಕಾರು ಕೊಂಡರು, ಕಾರು ನಿಲ್ಲಿಸಲು ಜಾಗವಿಲ್ಲವೆಂದು ಬೇರೆ ಲೇಔಟಿಗೆ ಹೋದರು. ಅವರ ಹಿತ್ತಲಲ್ಲಿ ಎದ್ದ ಶೀಟಿನ ಕೋಣೆಗಳಿಗೆ ಯಾದಗಿರಿ, ಕಲಬುರಗಿ ಕಡೆಯವರು ಬಾಡಿಗೆಗೆ ಬಂದರು. "ಬೆಳಗಾದ್ರೆ ಹೊಸ ಮುಖ ಕಣೇ ಶಶಿ, ಯಾರನ್ನ ಅಂತ ಮಾತಾಡಿಸ್ಲಿ?" ಎಂದು ಅತ್ತೆಯ ಗೊಣಗಾಟ. ಮಾತಾಡಿಸುವುದೂ ಇಲ್ಲ, ಗೊಣಗುವುದನ್ನು ಬಿಡುವುದೂ ಇಲ್ಲ.

ಹಳೇ ಊರಿನ ಒಂದು ಪದ್ಧತಿ ಮಾತ್ರ ಅವರಿಗೆ ಬಿಡಲಾಗಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಎದುರು ಮನೆಯವರೇ ಅನ್ನ ಸಾರು ಒಯ್ಯಬೇಕು. ಹಾಗೆ ಹೊರಟ ಅನ್ನ ಮತ್ತೆ ಹೊಸಿಲು ದಾಟಿ ಒಳಗೆ ಬರಬಾರದು.

ಕಳೆದ ತಿಂಗಳು ಎದುರು ವಠಾರದ ಕೊನೇ ಕೋಣೆಯ ಮುದುಕರೊಬ್ಬರು ಬೆಳಿಗ್ಗೆ ತೀರಿಕೊಂಡರು. ಅಳು ಕೇಳಿದ್ದೇ ತಡ, ಅತ್ತೆಯ ಕಾಲು ನಿಲ್ಲಲಿಲ್ಲ. ಬಾಗಿಲಿಗೆ, ಅಡುಗೆಮನೆಗೆ, ಮತ್ತೆ ಬಾಗಿಲಿಗೆ.

"ಅವ್ರು ಲಿಂಗ ಕಟ್ಟೋ ಜನ. ಬಾಡು ಬೇಯ್ಸೋ ಮನೆ ಅನ್ನ ಉಣ್ತಾರೇನೇ?"

ನನಗೆ ರೇಗಿತು. "ಹೋಗಿ ಕೇಳ್ಕೊಂಡ್ ಬನ್ನಿ ಅತ್ತೆ."

"ಹೆಣ ಮುಂದಿಟ್ಕೊಂಡೋರ್ನ ಹೆಂಗೆ ಕೇಳೋದು?"

ಕೊನೆಗೆ ಅಟ್ಟದಿಂದ ಹೊಸ ಪಾತ್ರೆ ಇಳಿಸಿ, ಒಲೆ ತೊಳೆದು, ತಲೆಗೆ ನೀರು ಹುಯ್ದುಕೊಂಡು ಅಡುಗೆಗೆ ನಿಂತರು. ಮಾಡಿ ಮುಗಿಸಿ ನಾವಿಬ್ಬರೂ ಹೋಗುವಷ್ಟರಲ್ಲಿ ಕೋಣೆಗೆ ಬೀಗ. ಗಲ್ಲಿಯೊಳಗೆ ಆಂಬುಲೆನ್ಸ್ ಬಾರದೆ, ಮುದುಕರನ್ನು ಮಾಗಡಿ ರೋಡಿನವರೆಗೆ ಹೊತ್ತು, ಅಲ್ಲಿಂದ ಅವರ ಊರಿಗೇ ಒಯ್ದಿದ್ದರು. ಹಿತ್ತಲ ಕಡೆಯ ಅಡುಗೆಮನೆಯಲ್ಲಿದ್ದ ನಮಗೆ ತಿಳಿದೇ ಇರಲಿಲ್ಲ.

"ನೀರು ಇಲ್ಲೀದು, ಕೂಲಿ ಇಲ್ಲೀದು, ಮಣ್ಣು ಮಾತ್ರ ಅಲ್ಲೀದಾ?" ಎಂದು ಅತ್ತೆ ಬೀಗವನ್ನೇ ಕೇಳಿದರು. ಅದು ಸಿಟ್ಟಲ್ಲ, ಅವಮಾನ. ತುಂಬಿದ ಪಾತ್ರೆ ಹಿಡಿದು ಬಿಸಿಲಲ್ಲಿ ನಿಂತೇಬಿಟ್ಟರು. ಮುಂದೆ ಹೋಗಲು ಮನೆಯಿಲ್ಲ, ಹಿಂದೆ ಬರಲು ಪದ್ಧತಿ ಬಿಡುವುದಿಲ್ಲ. ಎದುರು ಮನೆಯ ಸಾವಿಗೆ ಒಂದು ತುತ್ತು ಕೊಡಲಾಗದ ಮೇಲೆ ಇದೆಂಥ ಊರು ಅನ್ನಿಸಿರಬೇಕು.

ವಠಾರದ ಮುಂದೆ ಬೈಕಿಗೊರಗಿ ಕೂತಿದ್ದ ಡೆಲಿವರಿ ಹುಡುಗ ಎದ್ದು ಬಂದ. ಅತ್ತು ಕಣ್ಣು ಕೆಂಪಾಗಿದ್ದವು.

"ಆಯಿ, ನಾ ಶಿವಯೋಗಿ. ಅವ್ರು ನಮ್ಮ ದೊಡ್ಡಪ್ಪರಿ. ಗಾಡ್ಯಾಗ ಜಾಗಾ ಸಾಲಲಿಲ್ಲ. ಬಸ್ಸಿಗೆ ಹೋದ್ರ ನಾ ಮುಟ್ಟೂದ್ರಾಗ ಮಣ್ಣ ಮಾಡಿರ್ತಾರ."

"ನಮ್ಮನೇದು ಉಣ್ತೀಯೇನಪ್ಪ?"

"ಹಸದೀನ್ರಿ."

ಅತ್ತೆ ವಠಾರದ ಕಟ್ಟೆಯ ಮೇಲೇ, ಜೊತೆಗೆ ತಂದಿದ್ದ ಮುತ್ತುಗದ ಎಲೆ ಹಾಸಿ ಬಡಿಸಿದರು. ಅವನು ತಲೆ ಬಗ್ಗಿಸಿ ಉಂಡ. ಎರಡನೇ ಸಲ ಅನ್ನ ಬಡಿಸುತ್ತಾ ಅತ್ತೆ ಅಳುಕುತ್ತಲೇ ಕೇಳಿದರು, "ನಿಮ್ ದೊಡ್ಡಪ್ಪನ ಹೆಸ್ರೇನು?"

ನನಗೆ ನಾಚಿಕೆಯಾಯಿತು. ಮೂರು ವರ್ಷ ಎದುರಿಗಿದ್ದವರ ಹೆಸರು ನನಗೂ ಗೊತ್ತಿರಲಿಲ್ಲ.

"ಮಡಿವಾಳಪ್ಪ. ನಿಮ್ಮ ಹೆಸರ ಅವರಿಗಿ ಗೊತ್ತಿತ್ರಿ. ಮುಂಜಾನೆ ನಿಮ್ಮ ಬಾಗಲಾ ತೆರದ ಸಪ್ಪಳ ಕೇಳಿದ್ರ, 'ರಾಮಕ್ಕ ಎದ್ದಾಳ, ಏಳ್ರೋ' ಅಂತ ನಮ್ಮನ್ನೆಲ್ಲ ಎಬ್ಬಸ್ತಿದ್ರು."

ಅತ್ತೆ ಸೌಟು ಕೆಳಗಿಟ್ಟು, ಸೆರಗನ್ನು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು.