ಬಿನ್‌ಶೇತ್ಕಿ ಹೊಲದ ಜೋಳ

ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಉಳಿದವರು ಕಿಟಕಿಯಾಚೆಯ ತೊಗರಿ ನೋಡುತ್ತಾರೆ. ನಾನು ಕಿವಿಗೆ ಬಿದ್ದ ಮಾತುಗಳ ಮುಂದೆ ಅಂಟಿಕೊಂಡ ನಿಷೇಧದ ತುಣುಕುಗಳನ್ನು ಎಣಿಸುತ್ತೇನೆ. ಬೇಜಾರು, ನಾಲಾಯಕ, ಗೈರುಹಾಜರಿ, ಅನ್ಯಾಯ, ನಾನ್‌ಸ್ಟಾಪ್ – ಹೋದ ಸಲ ಹದಿನಾಲ್ಕು ಸಿಕ್ಕವು. ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ಇದರಿಂದ ಯಾರಿಗೂ ಉಪಯೋಗವಿಲ್ಲವೆಂಬ ಷರಾವೂ ಪಕ್ಕದಲ್ಲಿದೆ.

ಬೇ, ನಾ ಪಾರಸಿಯವು, ಗೈರು ಅರಬ್ಬಿಯದು, ಅ, ನಿರ್ ಸಂಸ್ಕೃತದವು. ಇವೆಲ್ಲ ಬಾಗಿಲಲ್ಲೇ ನಿಂತು ತಡೆಯುವ ಸ್ವಭಾವದವು. ನಮ್ಮ ಕನ್ನಡವಾದರೋ ಒಳಗೆ ಕರೆದು, ಚಹಾ ಕುಡಿಸಿ, ಎಲ್ಲ ಮುಗಿದ ಮೇಲೆ ‘ಇಲ್ಲ’ ಎನ್ನುತ್ತದೆ. ನನ್ನ ಪಟ್ಟಿಯಲ್ಲಿ ತೀರ ಬಿಗಿಯಾದದ್ದು ‘ಬಿನ್’. ಸಂಸ್ಕೃತದ ‘ವಿನಾ’ ಸವೆದು, ಮರಾಠಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ಶೇತ್ಕಿ ಎಂದರೆ ಒಕ್ಕಲುತನ. ಅದರ ಮುಂದೆ ಬಿನ್ ಕೂತಿತೆಂದರೆ ಹೊಲ ಕಾಗದದಲ್ಲಿ ಪ್ಲಾಟಾಗುತ್ತದೆ.

ಆಲಮೇಲದ ನಮ್ಮ ಸೋದರತ್ತೆಯ ಎರಡು ಎಕರೆಗೆ ಅದು ಕೂತಿತ್ತು. ಅವಳ ಗಂಡ, ನಮ್ಮ ಮಾಮಾ, ಓಡಾಡಿ ಆದೇಶ ತಂದು, ಗುರುತಿನ ಕಲ್ಲು ನೆಡಿಸಿದ್ದರು. ಅತ್ತೆ ಯಾರಿಗೂ ಹೇಳದೆ ಆ ಕಲ್ಲುಗಳ ನಡುವೆಯೇ ಜೋಳ ಬಿತ್ತಿಸಿದ್ದಳು. ಮಾರಾಟಕ್ಕೆ ಅವಳ ಸಹಿಯೊಂದೇ ಬಾಕಿ. ಸಹಿ ಬಿದ್ದರೆ ಬೆಳೆಯ ಮೇಲೇ ಪಾಯ ತೋಡುತ್ತಾರೆಂಬುದು ಅವಳ ಭಯ.

ಕೊಳ್ಳುವವರು ಇಂಡಿಯ ಒಬ್ಬ ಮಾಸ್ತರರು. ಜಾಗ ನೋಡಲು ಅವರು ಬಂದದ್ದು ಎಳ್ಳಮಾವಾಸ್ಯೆಯ ದಿನ; ಬೆಳೆಗೆ ಎಡೆಯ ಅನ್ನವನ್ನು ಬೀರುತ್ತ ಚರಗ ಚೆಲ್ಲುವ ಹಬ್ಬ. ಅತ್ತೆ ಬುಟ್ಟಿ ಹೊತ್ತು ಆಗಲೇ ಜೋಳದ ನಡುವೆ ನಿಂತಿದ್ದಳು; ಹಬ್ಬಕ್ಕೆ ಬಂದಿದ್ದ ನಾನು ಪಕ್ಕದಲ್ಲಿದ್ದೆ. ಮಾಮಾ ಅವಳ ಹಿಂದೆಯೇ ನುಗ್ಗಿದರು.

“ಮರ್ಯಾದಿ ತಗೀಬ್ಯಾಡ. ಪ್ಲಾಟಿಗೆ ಯಾರರ ಚರಗ ಚೆಲ್ತಾರೇನ?”

“ಬಿನ್ ಅಂತ ಬರದದ್ದು ಕಾಗದದಾಗ. ಮಣ್ಣಿಗೆ ಓದಾಕ ಬರ್ತೈತೇನ?” ಎಂದಳು ಅತ್ತೆ. ನನ್ನ ಕಡೆ ತಿರುಗಿ, “ನೀನೂ ಅದನ್ನ ಬರಕೋತ ನಿಂದರಬ್ಯಾಡ ತಮ್ಮಾ, ತಂಬಿಗಿ ಹಿಡಿ” ಎಂದಳು. ಪೆನ್ನು ಜೇಬಿಗೆ ಹೋಯಿತು.

ಮಾಸ್ತರರು ಬದುವಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಒಂದು ತೆನೆಯನ್ನು ಅಂಗೈಯಲ್ಲಿ ತೂಗಿ ನೋಡಿದರು.

“ಸಹಿ ಮಾಡ್ತೇನ್ರಿ ಮಾಸ್ತರ್ರ,” ಎಂದಳು ಅತ್ತೆ, “ಈ ಜ್ವಾಳ ಕೊಯ್ದು ರಾಶಿ ಒಂದು ಆಗ್ಲಿ.”

“ಆಗ್ಲಿ ಬಿಡ್ರಿ ಅವ್ವಾರ. ರಾಶಿಗೆ ನನ್ನೂ ಕರೀರಿ.”

ಮಾಮಾ ಬದುವಿನವರೆಗೆ ಹಿಂದಿರುಗಿ, ಮಾಸ್ತರರ ಚಪ್ಪಲಿಯ ಪಕ್ಕ ತಮ್ಮವನ್ನೂ ಬಿಟ್ಟು ಬಂದು, ಅತ್ತೆಯ ಕೈಯಿಂದ ಬುಟ್ಟಿ ಇಸಿದುಕೊಂಡರು.